ಬೆಂಗಳೂರಿನಲ್ಲಿ ಹಳೇ ಮನೆ ಕೊಂಡು, ರಿಪೇರಿ ಮಾಡಿ ಮಾರಿದರೆ ಲಾಭ ಉಳಿಯುತ್ತಾ?

ಉಳಿಯುತ್ತದೆ, ಕೊಳ್ಳುವ ಮುಂಚೆಯೇ ಲೆಕ್ಕ ಹಾಕಿದ್ದರೆ. 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ 5.6%, ನೋಂದಣಿಗೆ 2% (2025ರ ಆಗಸ್ಟ್ ಕೊನೆಯವರೆಗೆ 1% ಇತ್ತು), 4.56 ಲಕ್ಷ ಅಲ್ಲೇ ಹೋಯಿತು. 24 ತಿಂಗಳೊಳಗೆ ಮಾರಿದರೆ ಲಾಭಕ್ಕೆ ನಿಮ್ಮ ಆದಾಯದ ಸ್ಲ್ಯಾಬ್ ದರದಲ್ಲೇ ತೆರಿಗೆ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದ ಮನೆ ಎಷ್ಟೇ ಅಗ್ಗವಿರಲಿ, ಕೈ ಹಾಕಬೇಡಿ.

ದುಡ್ಡು ಸುರಿಯಬೇಕಾದ್ದು ಬಚ್ಚಲಿಗೆ, ಹಾಲ್‌ನ ಫಾಲ್ಸ್ ಸೀಲಿಂಗ್‌ಗಲ್ಲ. ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ಅಡಿಯ ಸೋರಿಕೆ ಹಾಗೇ ಉಳಿದು, ಪಕ್ಕದ ಗೋಡೆಯ ಪುಟ್ಟಿ ಹಪ್ಪಳದಂತೆ ಉಬ್ಬುತ್ತದೆ. ಅದೂ ಗಿರಾಕಿ ನೋಡಲು ಬಂದಾಗಲೇ. ಪೂರ್ತಿ ಕಿತ್ತು, ಗೋಡೆ-ನೆಲ ಸೇರುವ ಮೂಲೆಗೆ ಗಾರೆ ತುಂಬಿ, ವಾಟರ್‌ಪ್ರೂಫಿಂಗ್ ಎರಡು ಕೋಟ್ ಬಳಿಯಿರಿ. ಒಣಗಿದ ಮೇಲೆ ಡ್ರೈನ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ. ಟೈಲ್ಸ್ ಆಮೇಲೆ.