ಪುಸ್ತಕವನ್ನೂ ಒಮ್ಮೆ ಕೇಳಿ ನೋಡಿ

ಪ್ರಿಯರೇ,

ನಿಮ್ಮ ‘ನೆಹರೂ ಆಸ್ತಿಕರೋ ನಾಸ್ತಿಕರೋ: ಮಂಗಳೂರಿನವರು ಏನಂತಾರೆ?’ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ. ಈಗ ಇರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದದ ಕಾಗದ.

ನೀವು ಮಾಡಿದ್ದು ಇಷ್ಟು. ನೆಹರೂ ಅವರ ಆತ್ಮಕಥೆ ಮತ್ತು ಅವರ ದೇವರು-ಧರ್ಮದ ನಂಬಿಕೆ ಬಗ್ಗೆ 11 ಜನರನ್ನು ಮಾತಾಡಿಸಿದ್ದೀರಿ. ಕದ್ರಿ ಪಾರ್ಕಿಗೆ ವಾಕಿಂಗ್ ಬರುವವರು, ಸ್ಟೇಟ್ ಬ್ಯಾಂಕ್ ಹತ್ತಿರದ ರಿಕ್ಷಾದವರು, ಇಬ್ಬರು ಉಪನ್ಯಾಸಕರು, ಒಬ್ಬರು ನಿವೃತ್ತ ಮಾಸ್ಟ್ರು. ಒಬ್ಬರು ‘ಧರ್ಮದ್ವೇಷಿ’ ಅಂದರು. ಇನ್ನೊಬ್ಬರು ‘ಅಪ್ಪಟ ವಿಚಾರವಾದಿ’ ಅಂದರು. ಮತ್ತೊಬ್ಬರ ಪ್ರಕಾರ ‘ಒಳಗೊಳಗೇ ಭಕ್ತರು’. ಕೊನೆಗೆ ನೀವು ‘ಅಭಿಪ್ರಾಯಗಳು ಹಲವು, ವ್ಯಕ್ತಿ ಒಬ್ಬರೇ’ ಎಂದು ಮುಗಿಸಿದ್ದೀರಿ. ಈ ಸಾಲು ಯಾರ ಬಗ್ಗೆ ಬರೆದರೂ ಹೊಂದುತ್ತದೆ, ಅಲ್ವಾ?

ನನ್ನ ತಕರಾರು ಒಂದೇ. 11 ಜನರನ್ನು ಕೇಳಿದಿರಿ, ಪುಸ್ತಕವನ್ನು ಕೇಳಲಿಲ್ಲ. ಆ ನಿವೃತ್ತ ಮಾಸ್ಟ್ರನ್ನು ಬಿಟ್ಟರೆ ಇವರಲ್ಲಿ ಯಾರು ಅದನ್ನು ಓದಿದ್ದಾರೆ ಎಂದು ಲೇಖನದಲ್ಲಿ ಎಲ್ಲೂ ಇಲ್ಲ. ನೀವು ಓದಿದ್ದೀರಾ ಎಂಬುದೂ ಗೊತ್ತಾಗುವುದಿಲ್ಲ. ಓದದವರ ಮಾತು ಬೇಡ ಎನ್ನುತ್ತಿಲ್ಲ. ಓದದೆಯೂ ಅಷ್ಟು ಗಟ್ಟಿಯಾಗಿ ಹೇಳುತ್ತಾರಲ್ಲ, ಅದೂ ಬರೆಯುವ ವಿಷಯವೇ. ಆದರೆ ಓದಿ ಹೇಳಿದವರು ಯಾರು, ಕೇಳಿ ಹೇಳಿದವರು ಯಾರು ಎಂದು ಓದುಗರಿಗೆ ತಿಳಿಯಬೇಕು.

ಇಲ್ಲದಿದ್ದರೆ ಎಂತ ಎಡವಟ್ಟಾಗುತ್ತದೆ ನೋಡಿ. ನಿಮ್ಮ ಮೂರನೇ ಪುಟದಲ್ಲಿ ಒಬ್ಬ ಉಪನ್ಯಾಸಕರು, ‘ಸೋಮನಾಥ ದೇವಸ್ಥಾನದ ವಿಷಯದಲ್ಲಿ ತಮ್ಮ ವಿರೋಧವನ್ನು ನೆಹರೂ ಆತ್ಮಕಥೆಯಲ್ಲೇ ಬರೆದಿದ್ದಾರೆ’ ಎನ್ನುತ್ತಾರೆ. ನೀವು ಹಾಗೇ ಬರೆದುಕೊಂಡಿದ್ದೀರಿ. ಮಾರಾಯ್ರೇ, ಆ ಪುಸ್ತಕ ಬಂದದ್ದು 1936ರಲ್ಲಿ. ಗುಜರಾತಿನ ಸೋಮನಾಥದಲ್ಲಿ ಮತ್ತೆ ಕಟ್ಟಿದ ದೇವಸ್ಥಾನದ ಪ್ರತಿಷ್ಠೆ ನಡೆದದ್ದು 1951ರ ಮೇ ತಿಂಗಳಲ್ಲಿ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಲ್ಲಿಗೆ ಹೋಗುವುದು ನೆಹರೂಗೆ ಇಷ್ಟವಿರಲಿಲ್ಲ, ಅವರಿಗೆ ಹಾಗೆಂದು ಪತ್ರ ಬರೆದದ್ದೂ ಹೌದು. ಆದರೆ 15 ವರ್ಷ ಮೊದಲೇ ಅಚ್ಚಾದ ಪುಸ್ತಕದಲ್ಲಿ ಅದು ಹೇಗೆ ಬರುತ್ತದೆ? ಅವರು ಮಾತಿನ ಭರದಲ್ಲಿ ಹೇಳಿರಬಹುದು. ಹಿಡಿದು ನಿಲ್ಲಿಸಬೇಕಾದವರು ನೀವು.

ಆ ಆತ್ಮಕಥೆ ಬರೆದಾಗ ನೆಹರೂ ಪ್ರಧಾನಿ ಅಲ್ಲ, ಕೈದಿ. 1934ರ ಜೂನ್‌ನಿಂದ 1935ರ ಫೆಬ್ರವರಿವರೆಗೆ ಜೈಲಿನಲ್ಲಿ ಕೂತು ಬರೆದರು. ವಯಸ್ಸು 45ರ ಆಸುಪಾಸು. ಹೊರಗೆ ಹೆಂಡತಿ ಕಮಲಾ ಅವರ ಕಾಯಿಲೆ ಏರುತ್ತಿತ್ತು. ಪುಸ್ತಕ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು, ಅರ್ಪಣೆ ಅವರಿಗೇ. ಅದಾದ ಮೇಲೆ ನೆಹರೂ ಇನ್ನೂ 28 ವರ್ಷ ಬದುಕಿದರು. ಇದೊಂದೇ ಪುಸ್ತಕ ಹಿಡಿದುಕೊಂಡು ಇಡೀ ಜೀವನದ ನಂಬಿಕೆಗೆ ಷರಾ ಬರೆಯುವುದು ಕಷ್ಟ.

ಒಳಗೆ ಏನುಂಟು? ಚಿಕ್ಕಂದಿನಲ್ಲಿ ಧರ್ಮ ಎಂದರೆ ಹೆಂಗಸರ ವಿಷಯ ಎಂದು ಅನಿಸುತ್ತಿತ್ತು ಎನ್ನುತ್ತಾರೆ. ಗಂಡಸರು ಅದನ್ನು ತಮಾಷೆ ಮಾಡುತ್ತಿದ್ದರು. ಹುಡುಗನೂ ಅವರ ಹಾಗೇ ನಟಿಸುತ್ತಿದ್ದ. ಆದರೆ ಅಮ್ಮನ ಜೊತೆ ಗಂಗೆಗೆ, ದೇವಸ್ಥಾನಕ್ಕೆ ಹೋಗುವುದು ಇಷ್ಟವೇ. 13ನೇ ವಯಸ್ಸಿನಲ್ಲಿ ಥಿಯಾಸಫಿ ಹಿಡಿಯಿತು, ಎಲ್ಲ ಧರ್ಮಗಳ ಒಳಗಿನ ಗೂಢ ಸತ್ಯ ಹುಡುಕುವ ಪಂಥ ಅದು. ಮನೆಪಾಠದ ಮಾಸ್ಟ್ರು ಬ್ರೂಕ್ಸ್ ಅವರ ಪ್ರಭಾವ. ದೀಕ್ಷೆ ಕೊಟ್ಟವರು ಸಾಕ್ಷಾತ್ ಆನಿ ಬೆಸೆಂಟ್. ‘ಅಪ್ಪಟ ವಿಚಾರವಾದಿ’ ಎಂದ ನಿಮ್ಮ ಆ ಸಜ್ಜನರಿಗೆ ಇದನ್ನು ಹೇಳಿ ಮತ್ತೆ ಕೇಳಬಹುದಿತ್ತು.

1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಎಂದು ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ನೆಹರೂ ಡೆಹರಾಡೂನ್ ಜೈಲಿನಲ್ಲಿದ್ದರು. ರಾಜಕೀಯದ ಪ್ರಶ್ನೆಗೆ ದೇವರನ್ನು ಎಳೆದು ತರುತ್ತಾರಲ್ಲ ಎಂದು ಗಾಂಧಿಯ ಮೇಲೆ ಸಿಟ್ಟು. ಅವರಿಗೆ ಏನಾದರೂ ಆದರೆ ಎಂಬ ದುಃಖ ಬೇರೆ. ಎರಡನ್ನೂ ಮುಚ್ಚಿಡದೆ ಬರೆದಿದ್ದಾರೆ. ಧರ್ಮ ಎಂದರೇನು ಎಂಬುದಕ್ಕೇ ಒಂದು ಅಧ್ಯಾಯ ಉಂಟು. ಸಂಘಟಿತ ಧರ್ಮವನ್ನು ಕಂಡರೆ ದಿಗಿಲಾಗುತ್ತದೆ ಎಂದು ಖಾರವಾಗಿಯೇ ಹೇಳುತ್ತಾರೆ. ಆದರೆ ಅಲ್ಲೇ, ಮನುಷ್ಯನ ಒಳಗಿನ ಯಾವುದೋ ಹಸಿವನ್ನು ಅದು ತಣಿಸುತ್ತಾ ಬಂದಿದೆ ಎಂದೂ ಒಪ್ಪುತ್ತಾರೆ. ನಿಮ್ಮ ಲೇಖನದಲ್ಲಿ ಮೊದಲ ಅರ್ಧ ಮಾತ್ರ ಬಂದಿದೆ. ಅದೂ ಬೇರೆಯವರ ಬಾಯಿಂದ.

ಆಮೇಲಿನದ್ದು ಇನ್ನೂ ಸಿಕ್ಕುಸಿಕ್ಕು. 1946ರಲ್ಲಿ ಬಂದ ‘ಡಿಸ್ಕವರಿ ಆಫ್ ಇಂಡಿಯಾ’ ಪುಸ್ತಕದಲ್ಲಿ, ಪೂರ್ತಿ ಅರ್ಥವಾಗದಿದ್ದರೂ ಅದ್ವೈತ ತನ್ನನ್ನು ಸೆಳೆಯುತ್ತದೆ ಎನ್ನುತ್ತಾರೆ. (ಉಡುಪಿ ರಥಬೀದಿಯಲ್ಲಿ ನಿಂತು ಈ ಮಾತಿಗೆ ಅಭಿಪ್ರಾಯ ಕೇಳಿದ್ದರೆ ನಿಮ್ಮ ಲೇಖನಕ್ಕೆ ಜೀವ ಬರುತ್ತಿತ್ತು! ಅದ್ವೈತವನ್ನು ಒಪ್ಪದ, ದ್ವೈತ ಹೇಳಿದ ಮಧ್ವರ ಊರು.) 1954ರಲ್ಲಿ ಉಯಿಲು ಬರೆದು, ತನಗೆ ಯಾವ ಧಾರ್ಮಿಕ ವಿಧಿಯೂ ಬೇಡ, ನಂಬಿಕೆ ಇಲ್ಲದೆ ಮಾಡಿಸಿಕೊಂಡರೆ ಬೂಟಾಟಿಕೆ ಎಂದರು. ಅದೇ ಉಯಿಲಿನಲ್ಲಿ ಒಂದು ಹಿಡಿ ಬೂದಿಯನ್ನು ಗಂಗೆಗೆ ಹಾಕಿ ಎಂದೂ ಕೇಳಿದರು. ಅದು ಧರ್ಮಕ್ಕಲ್ಲ, ಚಿಕ್ಕಂದಿನ ಪ್ರೀತಿಗೆ. 1964ರಲ್ಲಿ ಅಂತ್ಯಕ್ರಿಯೆ ಮಾತ್ರ ಮಂತ್ರಗಳ ಜೊತೆಗೇ ನಡೆಯಿತು. ‘ಆಸ್ತಿಕರೋ ನಾಸ್ತಿಕರೋ’ ಎಂಬ ನಿಮ್ಮ ಪ್ರಶ್ನೆ ಈ ಮನುಷ್ಯನಿಗೆ ಸಾಲುವುದಿಲ್ಲ. ಶೀರ್ಷಿಕೆ ಬದಲಿಸಿ.

ಇನ್ನು ನಿಮ್ಮ ಲೇಖನದಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು. ಆ ನಿವೃತ್ತ ಮಾಸ್ಟ್ರು. ಕಾಲೇಜಿನಲ್ಲಿದ್ದಾಗ ಆ ಪುಸ್ತಕ ಓದಿ, ಇನ್ನು ಪೂಜೆಗೆ ಕೂರುವುದಿಲ್ಲ ಎಂದು ಅಪ್ಪನ ಹತ್ತಿರ ಜಗಳ ಮಾಡಿದರಂತೆ. ಈಗ ದಿನಾ ಸಂಜೆ ದೀಪ ಹಚ್ಚುತ್ತಾರಂತೆ. ನೆಹರೂ ಮೇಲೆ ಸಿಟ್ಟೂ ಇಲ್ಲವಂತೆ. ಇವರಿಗೆ ನೀವು ಕೊಟ್ಟದ್ದು ನಾಲ್ಕು ಸಾಲು! ಯಾವ ಪುಟ ಓದಿ ಜಗಳಕ್ಕೆ ಹೋದರು? ಅಪ್ಪ ಎಂತ ಹೇಳಿದರು? ದೀಪ ಮತ್ತೆ ಯಾವಾಗ ಶುರುವಾಯಿತು? ಆ ಅಧ್ಯಾಯವನ್ನು ಈಗ ಓದಿದರೆ ಅವರಿಗೆ ಏನನಿಸುತ್ತದೆ? ನಿಮ್ಮ 11 ಜನರಲ್ಲಿ ಪುಸ್ತಕದ ಜೊತೆ ಬದುಕಿದವರು ಇವರೊಬ್ಬರೇ. ಉಳಿದ 10 ಜನರನ್ನು ಒಂದು ಪ್ಯಾರಾಕ್ಕೆ ಇಳಿಸಿ, ಇವರನ್ನು ನಡುವೆ ಕೂರಿಸಿ.

ಸಣ್ಣಪುಟ್ಟದ್ದು ಕೆಲವು. ‘ಹೆಚ್ಚಿನ ಮಂಗಳೂರಿಗರ ಅಭಿಪ್ರಾಯದಂತೆ’ ಎಂದು ಬರೆಯಬೇಡಿ, 11 ಜನ ಎಂದರೆ ಮಂಗಳೂರು ಅಲ್ಲ. ‘ಮೇರು ವ್ಯಕ್ತಿತ್ವ’, ‘ಮಹಾನ್ ಚೇತನ’ ಎಲ್ಲ ತೆಗೆಯಿರಿ. ಮೊದಲ ಪುಟದಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ಬಜ್ಪೆಯಲ್ಲಿ ವಿಮಾನದಿಂದ ಇಳಿದ ಕಥೆ ಇದೆ. ಚೆನ್ನಾಗಿದೆ, ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ. ಬೇರೆಯೇ ಲೇಖನ ಮಾಡಿ, ನೋಡೋಣ.

ಅವಸರ ಇಲ್ಲ. ಮೊದಲು ಪುಸ್ತಕ ಓದಿ, ಆಮೇಲೆ ಮಾಸ್ಟ್ರ ಮನೆಗೆ ಹೋಗಿ. ಹೋಗುವಾಗ ಪುಸ್ತಕ ಕೈಯಲ್ಲಿರಲಿ. 1,200 ಪದ ಮೀರದ ಹಾಗೆ ಬರೆದು ಕಳಿಸಿ. ಅವರು ಒಪ್ಪಿದರೆ ಮಾತ್ರ ಹೆಸರು ಹಾಕೋಣ.

ಇಂತಿ,
ಸಂಪಾದಕ