ಓದುಗರ ಪ್ರಶ್ನೆ, ತಜ್ಞರ ಉತ್ತರ: ಶೆಡ್ಡಿನೊಳಗೆ ಇಎಂಸಿ ಚೇಂಬರ್

ಪ್ರಶ್ನೆ: ಪೀಣ್ಯದಲ್ಲಿರುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳನ್ನು ತಯಾರಿಸುತ್ತೇವೆ. ಅವುಗಳ ಅಲೆಗಳು ಬೇರೆ ಉಪಕರಣಗಳಿಗೆ ತೊಂದರೆ ಕೊಡುವುದಿಲ್ಲವೇ, ಹೊರಗಿನ ಅಲೆಗಳನ್ನು ಅವು ತಾಳುತ್ತವೆಯೇ ಎಂದು ನೋಡುವ ವಿದ್ಯುತ್ಕಾಂತೀಯ ಹೊಂದಾಣಿಕೆಯ (ಇಎಂಸಿ) ಪರೀಕ್ಷೆಗೆ ಪ್ರತಿ ಸಲವೂ ಹೊರಗಿನ ಪ್ರಯೋಗಾಲಯದಲ್ಲಿ ಸರದಿ ಕಾಯಬೇಕು. ನಮ್ಮ ಹಿಂಬದಿಯ ಶೆಡ್ಡಿನಲ್ಲಿ ನೆಲದಿಂದ ಟ್ರಸ್‌ವರೆಗೆ 6 ಮೀಟರ್ ಎತ್ತರವಿದೆ. ಅಲ್ಲಿ 3 ಮೀಟರ್ ಚೇಂಬರ್ (ಹೊರಗಿನ ರೇಡಿಯೊ ಅಲೆ ನುಗ್ಗದಂತೆ ಉಕ್ಕಿನ ಕವಚ ಹೊದಿಸಿದ ಪರೀಕ್ಷಾ ಕೊಠಡಿ) ಕೂರಿಸಬಹುದೇ? ನೆಲದ ಕೆಲಸ ಮೊದಲು ಮುಗಿಸಿಕೊಂಡು ಚೇಂಬರನ್ನು ಆಮೇಲೆ ತರಿಸಿದರೆ ಆದೀತೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಆ ಕ್ರಮ ಬೇಡ. ಉಪಕರಣವನ್ನಿಟ್ಟು ತಿರುಗಿಸುವ ಟರ್ನ್‌ಟೇಬಲ್‌ನ ಗುಂಡಿ, ಬಾಗಿಲಿನ ಹೊಸ್ತಿಲು, ಕೇಬಲ್ ಕಾಲುವೆ ಇವೆಲ್ಲ ಎಲ್ಲಿ ಬರಬೇಕೆಂಬುದು ಚೇಂಬರ್ ಪೂರೈಸುವವರ ನಕ್ಷೆಯಿಂದ ನಿರ್ಧಾರವಾಗಬೇಕೇ ಹೊರತು ಸಿವಿಲ್ ಗುತ್ತಿಗೆದಾರರ ಅಂದಾಜಿನಿಂದಲ್ಲ. ಹಾಕಿದ ಕಾಂಕ್ರೀಟನ್ನು ಒಡೆಯುವ ಖರ್ಚು ಯಾರ ತಲೆಗೆ ಎಂಬ ಜಗಳವೂ ಇದರಿಂದ ತಪ್ಪುತ್ತದೆ.

ಇನ್ನು ಎತ್ತರದ ಮಾತು. 3 ಮೀಟರ್ ಎಂಬುದು ಕೊಠಡಿಯ ಅಳತೆಯಲ್ಲ, ಪರೀಕ್ಷಿಸುವ ಉಪಕರಣಕ್ಕೂ ಆಂಟೆನಾಕ್ಕೂ ನಡುವಿನ ದೂರ. ಉಪಕರಣದಿಂದ ನೇರವಾಗಿ ಬರುವ ಅಲೆಯೂ ಲೋಹದ ನೆಲಕ್ಕೆ ಬಡಿದು ಬರುವ ಅಲೆಯೂ ಕೂಡಿದಾಗ ಸಿಗುವ ಗರಿಷ್ಠ ಅಂಕಿಯನ್ನು ಹುಡುಕಬೇಕಾಗುವುದರಿಂದ ಆಂಟೆನಾವನ್ನು 1 ಮೀಟರಿನಿಂದ 4 ಮೀಟರ್‌ವರೆಗೆ ಏರಿಸಿ ಇಳಿಸುತ್ತಾರೆ. ಆಂಟೆನಾವನ್ನು ಲಂಬವಾಗಿ ನಿಲ್ಲಿಸಿದಾಗ ಅದರ ಅರ್ಧಭಾಗ 4 ಮೀಟರಿಗಿಂತಲೂ ಮೇಲಿರುತ್ತದೆ. ಅದರ ಮೇಲೆ ಅಲೆಗಳನ್ನು ಹೀರುವ ಫೆರೈಟ್ ಟೈಲ್ ಮತ್ತು ಫೋಮ್, ಅದರ ಮೇಲೆ ಉಕ್ಕಿನ ಕವಚ, ಆಧಾರದ ಚೌಕಟ್ಟು, ಚಾವಣಿಯ ಮೇಲೆ ಕೆಲಸಗಾರ ಬಗ್ಗಿ ಓಡಾಡುವಷ್ಟು ಜಾಗ ಎಂದು ಲೆಕ್ಕ ಹಾಕಿದರೆ ಸುಮಾರು 7 ಮೀಟರ್ ಬೇಕಾಗುತ್ತದೆ. ಆದ್ದರಿಂದ ಪೂರ್ಣ ಪ್ರಮಾಣದ 3 ಮೀಟರ್ ಚೇಂಬರ್ ನಿಮ್ಮ ಶೆಡ್ಡಿನಲ್ಲಿ ಹಿಡಿಯುವುದಿಲ್ಲ. ನೆಲವನ್ನೇ ಒಂದು ಮೀಟರ್ ಅಗೆದು ಇಳಿಸೋಣ ಎಂದು ಯಾರಾದರೂ ಸಲಹೆ ಕೊಟ್ಟಾರು. ಮಳೆಗಾಲದಲ್ಲಿ ಆ ಗುಂಡಿಗೆ ನೀರು ಜಿನುಗಿ ತಳದ ತಗಡು ತುಕ್ಕು ಹಿಡಿದರೆ ಅದನ್ನು ಬದಲಿಸಲು ಇಡೀ ಕೊಠಡಿಯನ್ನೇ ಬಿಚ್ಚಬೇಕಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ತಗ್ಗಾದ ಚೇಂಬರೇ ನಿಮಗೆ ಸಾಕು. ಹೊರಗಿನ ರೇಡಿಯೊ ಅಲೆಗಳನ್ನು ಉಪಕರಣ ತಾಳುತ್ತದೆಯೇ ಎಂಬ ಐಇಸಿ 61000-4-3 ಪರೀಕ್ಷೆಯಲ್ಲಿ ಆಂಟೆನಾ ಏರುವುದಿಲ್ಲ, ನೆಲದಿಂದ 0.8 ಮೀಟರ್ ಮೇಲೆ ಆರಂಭವಾಗುವ 1.5 ಮೀಟರ್ ಅಗಲ, ಅಷ್ಟೇ ಎತ್ತರದ ಕ್ಷೇತ್ರದಲ್ಲಿ 16 ಬಿಂದುಗಳಲ್ಲಿ ಅಲೆಯ ಬಲವನ್ನು ಅಳೆದು, ಅವುಗಳಲ್ಲಿ 12 ಬಿಂದುಗಳಾದರೂ 6 ಡೆಸಿಬಲ್ ವ್ಯಾಪ್ತಿಯೊಳಗಿದ್ದರೆ ಚೇಂಬರ್ ಆ ಪರೀಕ್ಷೆಗೆ ಸರಿ. ಉಪಕರಣವೇ ಹೊರಸೂಸುವ ಅಲೆಗಳನ್ನು ಅಲ್ಲಿ ಪೂರ್ವಪರೀಕ್ಷೆಯ ಮಟ್ಟಕ್ಕೆ ನೋಡಿಕೊಂಡು, ಅಂತಿಮ ವರದಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಪಡೆಯಬಹುದು. ಡ್ರೈವ್‌ನಿಂದ ಮೋಟಾರಿಗೆ ಹೋಗುವ ತಂತಿಯನ್ನು, ತಂತಿಯ ಜೊತೆ ರೇಡಿಯೊ ಅಲೆ ನುಸುಳದಂತೆ ಗೋಡೆಯಲ್ಲಿ ಕೂರಿಸುವ ಸಾಧಾರಣ ಫಿಲ್ಟರ್ ಮೂಲಕ ಹೊರಗೆ ತರಲು ಆಗದು, ಏಕೆಂದರೆ ಫಿಲ್ಟರಿನ ಕೆಪಾಸಿಟರ್‌ಗಳು ಎಳೆಯುವ ಪ್ರವಾಹಕ್ಕೆ ಡ್ರೈವ್ ಟ್ರಿಪ್ ಆಗುತ್ತದೆ. ಹಾಗಾಗಿ ಮೋಟಾರಿಗೂ ಒಳಗೇ ಜಾಗ ಇಟ್ಟುಕೊಳ್ಳಿ.

ನೆಲ ರಸಮಟ್ಟಕ್ಕೆ ಸಮವಾಗಿರಬೇಕು. ಫೆರೈಟ್ ಒಂದೇ ಪ್ರತಿ ಚದರ ಮೀಟರಿಗೆ 30 ಕಿಲೋಗ್ರಾಂಗಿಂತ ಹೆಚ್ಚು ತೂಗುವುದರಿಂದ ಭಾರದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಕವಚ ಎಲ್ಲಿಯೂ ಕಟ್ಟಡದ ಕಬ್ಬಿಣವನ್ನು ಮುಟ್ಟದಂತೆ ಅಡಿಗೆ ಅವಾಹಕ ಹಾಳೆ ಹಾಸಿ, ಒಂದೇ ಸ್ಥಳದಲ್ಲಿ ಅರ್ಥಿಂಗ್ ಕೊಡಬೇಕು, ವಿದ್ಯುತ್ ಫಿಲ್ಟರುಗಳೂ ಅದರ ಪಕ್ಕದಲ್ಲೇ ಇರಬೇಕು. ಈ ಫಿಲ್ಟರುಗಳಿಂದ ಭೂಮಿಗೆ ಹರಿಯುವ ಸೋರಿಕೆ ಪ್ರವಾಹಕ್ಕೆ ಸಾಮಾನ್ಯ ಇಎಲ್‌ಸಿಬಿ (ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್) ಮೊದಲ ದಿನವೇ ಬಿದ್ದುಹೋಗುತ್ತದೆ. ಪ್ರತ್ಯೇಕ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನ ಖರ್ಚನ್ನು ಈಗಲೇ ಬರೆದುಕೊಳ್ಳಿ. ತಗಡಿನ ಚಾವಣಿಯ ಸೋರಿಕೆಯನ್ನಂತೂ ಚೇಂಬರ್ ಬರುವ ಮುನ್ನವೇ ಮುಚ್ಚಿಸಬೇಕು.

1 ಗಿಗಾಹರ್ಟ್ಸ್ ಅಲೆಯ ಉದ್ದ 30 ಸೆಂಟಿಮೀಟರ್. ಬಾಗಿಲಿನ ಅಂಚಿನ ಸ್ಪ್ರಿಂಗ್ ಪಟ್ಟಿ 15 ಸೆಂಟಿಮೀಟರ್ ಉದ್ದಕ್ಕೆ ಲೋಹವನ್ನು ಮುಟ್ಟದಿದ್ದರೆ, ಆ ಸಂದು ಕೂದಲಿನಷ್ಟೇ ತೆಳುವಾಗಿದ್ದರೂ ಅದೇ ಒಂದು ಆಂಟೆನಾದಂತೆ ಕೆಲಸ ಮಾಡುತ್ತದೆ. ಫೆರೈಟ್ ಅಂಟಿಸಿದ ಮೇಲೆ ಇಂಥ ಸಂದುಗಳನ್ನು ಹುಡುಕುವುದು ಬಹಳ ಕಷ್ಟ. ಆದ್ದರಿಂದ ಬರೀ ಉಕ್ಕಿನ ಕವಚ ನಿಂತ ಹಂತದಲ್ಲೇ ಐಇಇಇ 299 ವಿಧಾನದಂತೆ ತಡೆಸಾಮರ್ಥ್ಯವನ್ನು ಅಳೆಯಿಸಿ, ಅದು ತೇರ್ಗಡೆಯಾಗುವವರೆಗೆ ಮುಂದಿನ ಕಂತು ಕೊಡುವುದಿಲ್ಲವೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ಕವಚದ ಕೊಠಡಿಯ ಗೋಡೆಯಲ್ಲಿ ತೆರೆದ ಹಿತ್ತಾಳೆ ಕೊಳವೆಯೊಂದಿದೆ. ಅದರಿಂದ ಅಲೆ ಒಳಗೆ ನುಗ್ಗುವುದಿಲ್ಲವೇ?

ಉತ್ತರ: ಕೊಳವೆಯ ವ್ಯಾಸ 25 ಮಿಲಿಮೀಟರ್ ಇದ್ದರೆ, ಸುಮಾರು 7 ಗಿಗಾಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯ ಅಲೆ ಅದರೊಳಗೆ ಸಾಗಲಾರದು, ಆ ಮಿತಿಗಿಂತ ಬಹಳ ಕೆಳಗಿನ ಆವೃತ್ತಿಗಳಲ್ಲಿ, ಕೊಳವೆಯ ಉದ್ದದಲ್ಲಿ ಒಂದೊಂದು ವ್ಯಾಸದಷ್ಟು ದೂರಕ್ಕೂ ಅಲೆ ಸುಮಾರು 32 ಡೆಸಿಬಲ್ ಕುಗ್ಗುತ್ತದೆ. ಗಾಳಿ ಬರುವ ಜೇನುಗೂಡಿನಂಥ ಜಾಲರಿಯೂ ಇದೇ ತತ್ತ್ವದ್ದು. ಆ ಕೊಳವೆಯಲ್ಲಿ ಆಪ್ಟಿಕಲ್ ಫೈಬರ್ ಹಾಯಿಸಬಹುದು, ತಾಮ್ರದ ತಂತಿಯನ್ನು ಮಾತ್ರ ಹಾಯಿಸಬಾರದು, ಏಕೆಂದರೆ ಒಳಗೆ ಲೋಹದ ಎಳೆ ಬಂದೊಡನೆ ಯಾವ ಆವೃತ್ತಿಯ ಅಲೆಗೂ ದಾರಿ ಸಿಗುತ್ತದೆ. ಕೆಲವು ಫೈಬರ್ ಕೇಬಲ್‌ಗಳಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುತ್ತದೆ. ಕೊಳ್ಳುವಾಗ ಅದನ್ನು ವಿಚಾರಿಸಿ.