ಕ್ಯಾಂಪಿನಲ್ಲಿ ಗೊಬ್ಬರದ ಅಂಗಡಿ: ಪರವಾನಗಿ ಬಗ್ಗೆ ಕೇಳಿದವರಿಗೆ ಉತ್ತರ

ನಮಸ್ಕಾರ. ಸಿಂಧನೂರು ತಾಲೂಕಿನ ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯಾಂಪಿನಲ್ಲಿ (ಕಾಲುವೆ ಬದಿಯ ರೈತರ ವಸತಿಯಲ್ಲಿ), ಅಣ್ಣನವರ ಕಿರಾಣಿ ಅಂಗಡಿಗೆ ಹೊಂದಿಕೊಂಡಿರುವ ಕೋಣೆಯಲ್ಲಿ ಬೀಜ, ಗೊಬ್ಬರ ಮತ್ತು ಎಣ್ಣೆ (ಬೆಳೆಗೆ ಹೊಡೆಯುವ ಕೀಟನಾಶಕ) ಮೂರನ್ನೂ ಈ ಮುಂಗಾರಿನಿಂದಲೇ ಮಾರಬೇಕೆಂದಿದ್ದೀರಿ, ಓದಿದ್ದು ಬಿ.ಎ., ಲೈಸೆನ್ಸ್ ಹೇಗೆ ಪಡೆಯುವುದು ಎಂದು ಕೇಳಿದ್ದೀರಿ. ಮಾನ್ವಿ ಕಡೆ ಹನ್ನೊಂದು ವರ್ಷದಿಂದ ಇದೇ ವ್ಯಾಪಾರ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಇದು ಒಂದು ಲೈಸೆನ್ಸಿನ ಕೆಲಸವಲ್ಲ. ಬೀಜಕ್ಕೆ 1983ರ ಬೀಜ ನಿಯಂತ್ರಣ ಆದೇಶ, ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶ, ಎಣ್ಣೆಗೆ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳು ಅನ್ವಯಿಸುತ್ತವೆ. ಮೂರೂ ಕೃಷಿ ಇಲಾಖೆಯ ಮೂಲಕವೇ ಆಗಬೇಕಾದರೂ ಅರ್ಜಿ ಬೇರೆ, ಷರತ್ತು ಬೇರೆ, ಕೈಗೆ ಬರುವ ಪತ್ರವೂ ಬೇರೆ.

ನಿಮ್ಮ ಯೋಜನೆಯಲ್ಲಿ ನನಗೆ ಕಂಡ ದೊಡ್ಡ ತೊಡಕು ಆ ಕೋಣೆಯದು. ಮನುಷ್ಯರು ಅಥವಾ ಜಾನುವಾರುಗಳು ತಿನ್ನುವ ಪದಾರ್ಥಗಳನ್ನು ತಯಾರಿಸುವ, ಇಡುವ ಅಥವಾ ಮಾರುವ ಕಟ್ಟಡದಲ್ಲಿ ಕೀಟನಾಶಕವನ್ನು ಇಡಲೂಬಾರದು, ಮಾರಲೂಬಾರದು ಎಂದು ಕೀಟನಾಶಕ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನಡುವೆ ಗೋಡೆ ಇದೆ, ಬಾಗಿಲು ಬೇರೆ ಇದೆ ಎಂಬ ಸಮಜಾಯಿಷಿಗೆ ಇಲ್ಲಿ ಎಡೆಯಿಲ್ಲ, ಏಕೆಂದರೆ ನಿಯಮದಲ್ಲಿರುವುದು ಕೋಣೆಯ ಮಾತಲ್ಲ, ಕಟ್ಟಡದ ಮಾತು. ಅಣ್ಣನವರು ಅಕ್ಕಿ, ಬೇಳೆ ಬಿಟ್ಟು ಬರೀ ಹಿಂಡಿ, ಬೂಸಾ ಇಟ್ಟರೂ ಅದೇ ಅಡ್ಡಿ ಬರುತ್ತದೆ. ಆದ್ದರಿಂದ ಎಣ್ಣೆಯ ಮಟ್ಟಿಗೆ ಬೇರೆ ಕಟ್ಟಡವನ್ನೇ ನೋಡಿಕೊಳ್ಳಿ. ಬಾಡಿಗೆಯದಾದರೆ ಕರಾರುಪತ್ರದಲ್ಲಿ ಮಳಿಗೆ ಮತ್ತು ಗೋದಾಮು ಎರಡರ ವಿಳಾಸವೂ ಬರುವಂತೆ ಮಾಡಿಸಿ.

ಇನ್ನು ಓದಿನ ಪ್ರಶ್ನೆ. ಗೊಬ್ಬರ ಮಾರುವವರಿಗೆ ಕೃಷಿ ಅಥವಾ ರಸಾಯನಶಾಸ್ತ್ರದ ಪದವಿ, ಇಲ್ಲವೇ ಕೃಷಿ ಡಿಪ್ಲೊಮಾ ಇರಬೇಕು. ಅದಿಲ್ಲದವರಿಗೆ ಕೃಷಿ ವಿಶ್ವವಿದ್ಯಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ನಡೆಸುವ 15 ದಿನಗಳ ಪ್ರಮಾಣಪತ್ರ ತರಬೇತಿಯ ದಾರಿ ಇದೆ. ಎಣ್ಣೆಗೆ ಇಷ್ಟು ಸುಲಭವಿಲ್ಲ. ಅಲ್ಲಿ ಕೃಷಿ ಅಥವಾ ವಿಜ್ಞಾನದ ಪದವಿಯೋ ಕೃಷಿಗೆ ಸಂಬಂಧಿಸಿದ ಒಂದು ವರ್ಷದ ಡಿಪ್ಲೊಮಾವೋ ನಿಮಗಿರಬೇಕು, ಇಲ್ಲವೇ ಅಂಥವರನ್ನು ನೀವು ಕೆಲಸಕ್ಕೆ ಇಟ್ಟುಕೊಳ್ಳಬೇಕು. ಕೆಲವರು ಯಾರದೋ ಪದವಿಪತ್ರವನ್ನು ವರ್ಷಕ್ಕಿಷ್ಟು ಎಂದು ಬಾಡಿಗೆಗೆ ತಂದು ಫೈಲಿನಲ್ಲಿಡುತ್ತಾರೆ. ಅಧಿಕಾರಿ ತಪಾಸಣೆಗೆ ಬಂದ ದಿನ ಆ ಮನುಷ್ಯ ಅಂಗಡಿಯಲ್ಲಿರುವುದಿಲ್ಲ, ಉತ್ತರ ಕೊಡಬೇಕಾದವರು ನೀವೇ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಿಮಗೆ ನಾನು ಸೂಚಿಸುವುದು ಕೃಷಿ ಪರಿಕರ ಮಾರಾಟಗಾರರಿಗೆಂದೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿರುವ ಒಂದು ವರ್ಷದ ‘ದೇಸಿ’ ಡಿಪ್ಲೊಮಾವನ್ನು. ವಾರಕ್ಕೆ ಒಂದೇ ದಿನ ತರಗತಿ ಇರುವುದರಿಂದ ವ್ಯಾಪಾರ ನಡೆಸುತ್ತಲೇ ಮುಗಿಸಬಹುದು. ಮುಂದಿನ ತಂಡ ಯಾವಾಗ ಎಂಬುದನ್ನು ರಾಯಚೂರಿನಲ್ಲಿ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಬೀಜಕ್ಕೆ ಓದಿನ ತಕರಾರು ಇಲ್ಲ.

ಹೊಸಬರು ಎಡವುವುದು ಕಂಪನಿಯ ಪತ್ರದಲ್ಲಿ. ಗೊಬ್ಬರಕ್ಕೆ ‘ಫಾರಂ ಓ’, ಅಂದರೆ ಸರಕು ಎಲ್ಲಿಂದ ಬರುತ್ತದೆ ಎಂದು ಕಂಪನಿ ಅಥವಾ ಸಗಟು ವ್ಯಾಪಾರಿ ಬರೆದುಕೊಡುವ ಮೂಲ ಪ್ರಮಾಣಪತ್ರ, ಅರ್ಜಿಯ ಜೊತೆಗೇ ಇರಬೇಕು. ಎಣ್ಣೆಗೆ ಪ್ರತಿ ಕಂಪನಿಯಿಂದ ‘ಪ್ರಿನ್ಸಿಪಲ್ ಸರ್ಟಿಫಿಕೇಟ್’, ಅಂದರೆ ತನ್ನ ಮಾಲು ಮಾರಲು ಕಂಪನಿ ಕೊಡುವ ಒಪ್ಪಿಗೆ ಪತ್ರ, ಬೇಕು, ಮತ್ತು ಯಾವ ಕಂಪನಿಯ ಪತ್ರ ನಿಮ್ಮ ಪರವಾನಗಿಯಲ್ಲಿ ಸೇರಿದೆಯೋ ಆ ಕಂಪನಿಯ ಮಾಲನ್ನಷ್ಟೇ ಇಡಬಹುದು. ನಾನು ಮೊದಲ ವರ್ಷ ಮೇ ತಿಂಗಳಲ್ಲೇ ಮಳಿಗೆ ಹಿಡಿದು, ಬೋರ್ಡು ಬರೆಸಿ, ಕಪಾಟು ಮಾಡಿಸಿ ಕುಳಿತೆ. ಪತ್ರ ಕೊಡುತ್ತೇನೆಂದ ಸಗಟು ವ್ಯಾಪಾರಿ ನಾಳೆ, ನಾಡಿದ್ದು ಎನ್ನುತ್ತ ದಸರಾವರೆಗೆ ದೂಡಿದ. ಹತ್ತಿಯೂ ಹೋಯಿತು, ಭತ್ತದ ನಾಟಿಯೂ ಮುಗಿಯಿತು, ಐದು ತಿಂಗಳ ಬಾಡಿಗೆ ಮಾತ್ರ ಕೈಬಿಟ್ಟಿತು. ಆದ್ದರಿಂದ ಮಳಿಗೆಯ ಮಾತು ಮುಗಿಸುವ ಮೊದಲು ಪತ್ರದ ಮಾತು ಮುಗಿಸಿ.

ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ ಹೆಚ್ಚು ತೊಂದರೆ ಕೊಡುವುದಿಲ್ಲ. ವರ್ಷದ ವಹಿವಾಟು 40 ಲಕ್ಷ ದಾಟದ ಸರಕು ವ್ಯಾಪಾರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲವಾದರೂ ಕಂಪನಿಗಳು ಅದನ್ನು ಕೇಳಿಯೇ ಕೇಳುತ್ತವೆ, ಮೊದಲೇ ಮಾಡಿಸಿಬಿಡಿ. ಗೊಬ್ಬರಕ್ಕೆ ಶೇ 5, ರಾಸಾಯನಿಕ ಎಣ್ಣೆಗೆ ಶೇ 18 ತೆರಿಗೆ. ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ.

ಪರವಾನಗಿ ಬಂದ ಮೇಲೆ ಅದನ್ನು ಉಳಿಸಿಕೊಳ್ಳುವ ಕೆಲಸ ಶುರುವಾಗುತ್ತದೆ. ಸಬ್ಸಿಡಿ ಗೊಬ್ಬರವನ್ನು ರೈತರ ಆಧಾರ್ ಪಡೆದು, ಬೆರಳಚ್ಚು ಒತ್ತಿಸಿ ಮಾರಾಟ ದಾಖಲಿಸುವ ಪಿಒಎಸ್ ಯಂತ್ರದಲ್ಲೇ ಮಾರಬೇಕು. ಕಾಲುವೆಗೆ ನೀರು ಬಿಟ್ಟ ವಾರ ಅಂಗಡಿ ಮುಂದೆ ಸಾಲು ಬೆಳೆದಾಗ, ಬೆರಳಚ್ಚು ಆಮೇಲೆ ನೋಡೋಣ ಎಂದು ಚೀಲ ಎತ್ತಿಕೊಟ್ಟರೆ ಯಂತ್ರದ ಲೆಕ್ಕವೇ ಒಂದು, ಗೋದಾಮಿನ ಲೆಕ್ಕವೇ ಇನ್ನೊಂದು ಆಗಿ, ಅಷ್ಟಕ್ಕೇ ಪರವಾನಗಿ ಅಮಾನತಾಗಬಹುದು. ದರ ಮತ್ತು ದಾಸ್ತಾನಿನ ಫಲಕ ದಿನವೂ ಎದುರಿಗಿರಲಿ, ಉದ್ರಿ ಕೊಟ್ಟರೂ ಬಿಲ್ ಬರೆದುಕೊಡಿ. 45 ಕಿಲೋ ಯೂರಿಯಾ ಚೀಲದ ಗರಿಷ್ಠ ದರ 266 ರೂಪಾಯಿ 50 ಪೈಸೆ. ಸಾಗಣೆ, ಹಮಾಲಿ ಎಂದು ಅದರ ಮೇಲೆ ಒಂದು ರೂಪಾಯಿ ಸೇರಿಸಿದರೂ ತಪ್ಪೇ.

ಈ ಮುಂಗಾರಿಗೆ ಬೀಜದ ಪರವಾನಗಿಯೊಂದನ್ನೇ ಹಿಡಿಯಿರಿ, 15 ದಿನಗಳ ತರಬೇತಿ ಮುಗಿಸಿ ಹಿಂಗಾರಿಗೆ ಗೊಬ್ಬರ ತನ್ನಿ, ಎಣ್ಣೆಯನ್ನು ಡಿಪ್ಲೊಮಾ ಮುಗಿಯುವವರೆಗೆ ಮುಂದೂಡಿ ಎಂಬುದು ನನ್ನ ಅಭಿಪ್ರಾಯ. ಸೋಮವಾರ ಸಿಂಧನೂರಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಹೋಗುವಾಗ ಆಧಾರ್, ಪಾನ್, ಪದವಿಪತ್ರ, ಫೋಟೊಗಳ ಜೊತೆಗೆ ಮಳಿಗೆಯ ನಕ್ಷೆಯೊಂದನ್ನು ಕೈಯಲ್ಲೇ ಬರೆದು ಒಯ್ಯಿರಿ. ಅದನ್ನು ತರಲೆಂದೇ ನನ್ನನ್ನು ಎರಡು ಸಲ ತಿರುಗಿ ಕಳಿಸಿದ್ದರು.